ಗುಂಡಿಗೆಗೆ ಸ್ಟೆಂಟ್ ಹಾಕಿದ ಮೇಲೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕು ತಾಲೂಕುಗಳ ಯಾವ ಹಳ್ಳಿಗೆ ಹೋದರೂ ಈಗ ಒಂದು ಮಾತು ಕೇಳಿಬರುತ್ತದೆ. "ಅವರಿಗೆ ಸ್ಟೆಂಟ್ ಹಾಕವ್ರಂತೆ." ಮೊದಲು ಇದು ಪೇಟೆಯವರ ಮಾತಾಗಿತ್ತು. ಈಗ ಟೊಮೆಟೊ ಬೆಳೆಯುವ ರೈತನಿಗೂ ಸ್ಟೆಂಟ್ ಹಾಕುತ್ತಾರೆ. ಹಸು ಕಟ್ಟಿ ಡೇರಿಗೆ ಹಾಲು ಹಾಕುವ ತಾಯಿಗೂ ಹಾಕುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸಮ್ಮ ನೋಡಿಕೊಳ್ಳುತ್ತಾರೆ. ಮೂರು ನಾಲ್ಕು ದಿನಕ್ಕೆ ಮನೆಗೆ ಕಳಿಸುತ್ತಾರೆ. ಕೈಗೆ ಒಂದು ಚೀಟಿ, ಒಂದು ಚೀಲ ಮಾತ್ರೆ ಕೊಡುತ್ತಾರೆ. ಮನೆಗೆ ಬಂದ ಮೇಲೆ ಏನು ಮಾಡಬೇಕು? ನೀರು ಹೊರಬಹುದಾ? ಮುದ್ದೆ ತಿನ್ನಬಹುದಾ? ರಾತ್ರಿ ಭಯ ಆದರೆ ಯಾರಿಗೆ ಹೇಳಬೇಕು? ಬನ್ನಿ, ಒಂದೊಂದಾಗಿ ತಿಳಿಯೋಣ.

ಸ್ಟೆಂಟ್ ಅಂದರೆ ಏನು?

ನಮ್ಮ ಗುಂಡಿಗೆ ನಮ್ಮ ಮುಷ್ಟಿಯಷ್ಟು ದೊಡ್ಡದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಮೈಗೆಲ್ಲಾ ರಕ್ತ ಕಳಿಸುವ ಗುಂಡಿಗೆಗೆ ತಾನೂ ಬದುಕಲು ರಕ್ತ ಬೇಕು. ಅದಕ್ಕೆ ರಕ್ತ ತರುವ ಸಣ್ಣ ಸಣ್ಣ ರಕ್ತನಾಳಗಳಿವೆ.

ನಮ್ಮ ಹೊಲದ ಡ್ರಿಪ್ ಪೈಪ್ ನೆನಪು ಮಾಡಿಕೊಳ್ಳಿ. ಬೋರ್‌ವೆಲ್ ನೀರಿನ ಉಪ್ಪು ಪೈಪಿನ ಒಳಗೆ ಕಟ್ಟುತ್ತದೆ. ದಿನ ಕಳೆದಂತೆ ನೀರು ಕಮ್ಮಿ ಆಗುತ್ತದೆ. ಕಡೆಗೆ ನಿಂತೇ ಹೋಗುತ್ತದೆ. ಆ ಸಾಲಿನ ಗಿಡ ಬಾಡುತ್ತದೆ. ಹಾಗೇ ರಕ್ತನಾಳದ ಒಳಗೆ ಕೊಬ್ಬು ಕಟ್ಟುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚುತ್ತದೆ. ಗುಂಡಿಗೆಯ ಆ ಭಾಗಕ್ಕೆ ರಕ್ತ ಸಿಗುವುದಿಲ್ಲ. ಇದಕ್ಕೇ ಹೃದಯಾಘಾತ ಅಥವಾ ಹಾರ್ಟ್ ಅಟ್ಯಾಕ್ ಅನ್ನುತ್ತಾರೆ.

ಆಗ ಡಾಕ್ಟರು ಮಣಿಕಟ್ಟಿನಿಂದಲೋ ತೊಡೆಯ ಸಂದಿನಿಂದಲೋ ತೆಳ್ಳನೆಯ ನಳಿಕೆ ತೂರಿಸುತ್ತಾರೆ. ಅದರ ತುದಿಯಲ್ಲಿ ಸಣ್ಣ ಬಲೂನು ಇರುತ್ತದೆ. ಕಟ್ಟಿದ ಜಾಗದಲ್ಲಿ ಬಲೂನು ಊದಿಸಿ ದಾರಿ ಬಿಡಿಸುತ್ತಾರೆ. ಮತ್ತೆ ಮುಚ್ಚದಂತೆ ಅಲ್ಲಿ ಲೋಹದ ಸಣ್ಣ ಜಾಲರಿ ಕೂರಿಸುತ್ತಾರೆ. ಪೆನ್ನಿನ ಒಳಗಿನ ಸ್ಪ್ರಿಂಗ್‌ನಂತೆ ಕಾಣುವ ಆ ಜಾಲರಿಯೇ ಸ್ಟೆಂಟ್. ಇದಕ್ಕೆ ಎದೆ ಕೊಯ್ಯುವುದಿಲ್ಲ. ಸಾಮಾನ್ಯವಾಗಿ ಪೂರ್ತಿ ಮಂಪರೂ ಕೊಡುವುದಿಲ್ಲ.

ಬಲೂನಿನಿಂದ ರಕ್ತನಾಳ ಬಿಡಿಸುವ ಈ ವಿದ್ಯೆಯನ್ನು 1977ರಲ್ಲಿ ಸ್ವಿಟ್ಜರ್‌ಲ್ಯಾಂಡ್ ದೇಶದ ಜ್ಯೂರಿಕ್ ನಗರದಲ್ಲಿ ಡಾಕ್ಟರ್ ಗ್ರುಂಟ್ಜಿಗ್ ಎಂಬುವರು ಮೊದಲು ಮಾಡಿ ತೋರಿಸಿದರು. 1986ರಲ್ಲಿ ಮನುಷ್ಯರ ಗುಂಡಿಗೆಗೆ ಮೊದಲ ಸ್ಟೆಂಟ್ ಹಾಕಿದರು. ಇಂದು ಬೆಂಗಳೂರಿನ ಸರ್ಕಾರಿ ಜಯದೇವ ಆಸ್ಪತ್ರೆಯಲ್ಲಿ ಇದು ದಿನನಿತ್ಯದ ಕೆಲಸ.

"ಕೆಮ್ಮಿದರೆ ಸ್ಟೆಂಟ್ ಜಾರಿಬಿಡುತ್ತಾ?" ಅಂತ ಅನೇಕರು ಕೇಳುತ್ತಾರೆ. ಜಾರುವುದಿಲ್ಲ. ಕೆಮ್ಮಿದರೂ, ನಕ್ಕರೂ, ಮಗ್ಗುಲು ಬದಲಾಯಿಸಿದರೂ ಅದು ಇದ್ದಲ್ಲೇ ಇರುತ್ತದೆ. ತುಕ್ಕು ಹಿಡಿಯುವುದಿಲ್ಲ. ಫೋನಿನಿಂದ ಅದಕ್ಕೆ ಏನೂ ಆಗುವುದಿಲ್ಲ.

ಆದರೆ ಒಂದು ಮಾತು. ಸ್ಟೆಂಟ್ ಒಂದು ಜಾಗದ ದಾರಿ ಬಿಡಿಸಿದೆ, ಅಷ್ಟೆ. ಕೊಬ್ಬು ಕಟ್ಟುವ ಕಾಯಿಲೆ ವಾಸಿ ಆಗಿಲ್ಲ. ಸ್ಟೆಂಟ್ ಹಾಕುವುದು ಡಾಕ್ಟರ ಕೆಲಸ. ಕಾಪಾಡಿಕೊಳ್ಳುವುದು ನಮ್ಮ ಕೆಲಸ.

ಮೊದಲ ವಾರ

ನಳಿಕೆ ಹಾಕಿದ ಜಾಗ ನೀಲಿಯಾಗಬಹುದು. ಮುಟ್ಟಿದರೆ ಸ್ವಲ್ಪ ನೋಯಬಹುದು. ಇದು ತಾನೇ ಹೋಗುತ್ತದೆ. ಗಾಯದ ಮೇಲೆ ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಏನೂ ಹಚ್ಚಬಾರದು. ಕೆರೆಯಲ್ಲಿ, ಬಾವಿಯಲ್ಲಿ ಮುಳುಗಿ ಸ್ನಾನ ಮಾಡಬಾರದು.

ಮಣಿಕಟ್ಟಿನಿಂದ ಮಾಡಿದ್ದರೆ ಆ ಕೈಯಲ್ಲಿ ಒಂದು ವಾರ ಭಾರ ಎತ್ತಬಾರದು. ಬಟ್ಟೆ ಹಿಂಡಬಾರದು. ಮುದ್ದೆ ತೊಳಸಬಾರದು. ಹಾಲು ಕರೆಯಬಾರದು. ತೊಡೆಯಿಂದ ಮಾಡಿದ್ದರೆ ಮೊದಲ ಕೆಲವು ದಿನ ಕುಕ್ಕರುಗಾಲಲ್ಲಿ ಕೂರುವುದು, ಮೆಟ್ಟಿಲು ಹತ್ತಿ ಇಳಿಯುವುದು ಕಮ್ಮಿ ಮಾಡಬೇಕು.

ಗಾಯದಿಂದ ರಕ್ತ ಬಂದರೆ ಗಾಬರಿ ಬೇಡ. ತೊಡೆಯ ಗಾಯವಾದರೆ ಮಲಗಿ. ಶುದ್ಧ ಬಟ್ಟೆ ಇಟ್ಟು ಬಿಡದೆ 10 ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಅಥವಾ ರಕ್ತ ಚಿಮ್ಮುತ್ತಿದ್ದರೆ, ಒತ್ತಿ ಹಿಡಿದುಕೊಂಡೇ 108ಕ್ಕೆ ಫೋನ್ ಮಾಡಿ. ಜ್ವರ ಬಂದರೆ, ಕೀವು ಕಂಡರೆ, ಗಾಯದ ಜಾಗ ಊದುತ್ತಾ ಹೋದರೆ, ಕೈಕಾಲು ತಣ್ಣಗಾಗಿ ಜೋಮು ಹಿಡಿದರೆ ಆಸ್ಪತ್ರೆಗೆ ಹೋಗಬೇಕು.

ಕೆಲಸಕ್ಕೆ ಯಾವಾಗ ಹೋಗಬಹುದು?

ಮನೆಗೆ ಬಂದ ಮಾರನೆ ದಿನವೇ ಪೊರಕೆ ಹಿಡಿಯುವ ಹೆಂಗಸರಿದ್ದಾರೆ. "ನಾನು ಮಲಗಿದರೆ ಮನೆ ನಡೆಯೋದು ಹೆಂಗೆ?" ಅಂತಾರೆ. ಗಂಡಸಿಗೆ ಸ್ಟೆಂಟ್ ಹಾಕಿದರೆ ಮನೆಯವರೆಲ್ಲಾ ಸೇರಿ ಉಪಚಾರ ಮಾಡುತ್ತೇವೆ. ಹೆಂಗಸಿಗೆ ಹಾಕಿದರೂ ಅಷ್ಟೇ ಉಪಚಾರ ಬೇಕಲ್ಲವೇ? ಗುಂಡಿಗೆಗೆ ಗಂಡು ಹೆಣ್ಣು ಎಂಬ ಭೇದ ಇಲ್ಲ.

ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. 15 ಲೀಟರ್ ಹಿಡಿಯುವ ಬಿಂದಿಗೆ ಸೊಂಟದ ಮೇಲಿಟ್ಟರೆ 15 ಕೆ.ಜಿ. ಹೊತ್ತಂತೆ. ಮಾರುಕಟ್ಟೆಗೆ ಹೋಗುವ ಟೊಮೆಟೊ ಬಾಕ್ಸೂ ಹೆಚ್ಚು ಕಮ್ಮಿ ಅಷ್ಟೇ ತೂಕ. ಹೃದಯಾಘಾತ ಆಗಿದ್ದರೆ ಗುಂಡಿಗೆಯ ಒಂದು ಭಾಗಕ್ಕೆ ಪೆಟ್ಟು ಬಿದ್ದಿರುತ್ತದೆ. ಆ ಗಾಯ ಮಾಯಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಬಿಂದಿಗೆ, ಹುಲ್ಲಿನ ಹೊರೆ, ಸಗಣಿ ಬುಟ್ಟಿ, ಇಟ್ಟಿಗೆ ಯಾವುದನ್ನೂ ಹೊರಬಾರದು. ಹೃದಯಾಘಾತ ಆಗದೆ, ಮುಂಚೆಯೇ ಕಂಡುಹಿಡಿದು ಸ್ಟೆಂಟ್ ಹಾಕಿದ್ದರೆ ಇನ್ನೂ ಬೇಗ ಕೆಲಸಕ್ಕೆ ಹೋಗಬಹುದು. ಯಾವ ಕೆಲಸ ಯಾವಾಗ ಅಂತ ಡಾಕ್ಟರನ್ನು ಕೇಳಿ ತಿಳಿಯಿರಿ. "ಮನೆ ಕೆಲಸ ಮಾಡಬಹುದಾ?" ಅಂತ ಕೇಳಿದರೆ ಸಾಲದು. "ನೀರು ಹೊರಬಹುದಾ? ಹಾಲು ಕರೆಯಬಹುದಾ? ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರಬಹುದಾ?" ಹೀಗೆ ಬಿಡಿಸಿ ಕೇಳಬೇಕು.

ಹಾಗಂತ ಮಲಗಿಯೇ ಇರಬಾರದು. ನಡೆಯಬೇಕು. ನಡಿಗೆಯೇ ಒಂದು ಔಷಧಿ. ಮೊದಲು ಸಮನೆಲದಲ್ಲಿ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಆಮೇಲೆ ಒಂದೊಂದೇ ನಿಮಿಷ ಜಾಸ್ತಿ ಮಾಡಿ. ಹೀಗೆ 30 ನಿಮಿಷದವರೆಗೆ ಬನ್ನಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಮಾತಾಡುತ್ತಾ ನಡೆಯಲು ಆದರೆ ನಡಿಗೆ ಸರಿಯಾಗಿದೆ ಅಂತ ಅರ್ಥ. ಮಾತಾಡಲು ಉಸಿರು ಸಾಲದಿದ್ದರೆ ಜೋರಾಯಿತು, ನಿಧಾನ ಮಾಡಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ಕೂತುಬಿಡಿ. ಉಂಡ ಕೂಡಲೇ ನಡೆಯಬೇಡಿ. ಸುಡು ಬಿಸಿಲಲ್ಲಿ ಬೇಡ. ಕೋಲಾರದ ಅಂತರಗಂಗೆ ಮೆಟ್ಟಿಲು ಹತ್ತುವ ಹರಕೆ ಇದ್ದರೆ ಡಾಕ್ಟರು ಒಪ್ಪಿದ ಮೇಲೆ ತೀರಿಸಿ. ದೇವರು ಕಾಯುತ್ತಾನೆ.

ಮಾತ್ರೆ ಬಿಡಬಾರದು

ಇದು ಎಲ್ಲಕ್ಕಿಂತ ದೊಡ್ಡ ಮಾತು. ಎರಡು ಸಲ ಓದಿ.

ಹೊಸ ಗೋಡೆಗೆ ಸಿಮೆಂಟ್ ಬಳಿದ ಮೇಲೆ ಏನು ಮಾಡುತ್ತೇವೆ? ದಿನಾ ನೀರು ಹಾಕುತ್ತೇವೆ. ನೋಡಲು ಗೋಡೆ ಗಟ್ಟಿಯಾಗಿಯೇ ಇರುತ್ತದೆ. ಆದರೂ ನೀರು ನಿಲ್ಲಿಸಿದರೆ ಬಿರುಕು ಬಿಡುತ್ತದೆ. ಸ್ಟೆಂಟೂ ಹಾಗೆಯೇ. ಲೋಹದ ಜಾಲರಿ ನಮ್ಮ ರಕ್ತಕ್ಕೆ ಹೊಸದು. ಅದರ ಮೇಲೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಜಾಲರಿಯ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಕಾಯುವುದು ಮಾತ್ರೆ.

ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಎರಡು ಬಗೆ ಮಾತ್ರೆ ಕೊಡುತ್ತಾರೆ. ಒಂದು ಆಸ್ಪಿರಿನ್. ಇನ್ನೊಂದು ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಅಂಥದೇ ಇನ್ನೊಂದು. ಆಸ್ಪಿರಿನ್ ಹೆಚ್ಚಿನವರಿಗೆ ಜೀವನಪೂರ್ತಿ. ಎರಡನೆಯದು ಹೆಚ್ಚಾಗಿ ಆರು ತಿಂಗಳಿಂದ ಒಂದು ವರ್ಷ. ಇವಲ್ಲದೆ ಕೊಬ್ಬಿಗೆ, ಬಿ.ಪಿ.ಗೆ, ಸಕ್ಕರೆ ಕಾಯಿಲೆಗೆ ಬೇರೆ ಮಾತ್ರೆ ಇರಬಹುದು.

ಮಾತ್ರೆ ಯಾಕೆ ನಿಲ್ಲುತ್ತದೆ ಗೊತ್ತಾ? "ಈಗ ಚೆನ್ನಾಗಿದೀನಲ್ಲ" ಅಂತ ನಿಲ್ಲಿಸುತ್ತಾರೆ. "ದುಡ್ಡು ಇಲ್ಲ, ಮುಂದಿನ ವಾರ ತರೋಣ" ಅಂತ ನಿಲ್ಲಿಸುತ್ತಾರೆ. ಉಪವಾಸ, ವ್ರತ ಅಂತ ಬಿಡುತ್ತಾರೆ. ಮಗಳ ಮದುವೆ ಓಡಾಟದಲ್ಲಿ ಮರೆಯುತ್ತಾರೆ. ನಾಟಿ ಔಷಧಿ ಸಾಕು ಅಂತ ಬಿಡುತ್ತಾರೆ. ಹಲ್ಲು ಕೀಳುವವರು ನಿಲ್ಲಿಸಿ ಅಂದರೆ ಸುಮ್ಮನೆ ನಿಲ್ಲಿಸುತ್ತಾರೆ. ಹೀಗೆ ನಿಲ್ಲಿಸಿದರೆ ಸ್ಟೆಂಟಿನ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಮತ್ತೆ ಹೃದಯಾಘಾತ ಆಗಬಹುದು. ಪ್ರಾಣವೇ ಹೋಗಬಹುದು. ಗುಂಡಿಗೆಯ ಡಾಕ್ಟರು ಹೇಳದೆ ಒಂದು ದಿನವೂ ನಿಲ್ಲಿಸಬಾರದು.

ಮಾತ್ರೆ ತಗೊಳ್ಳುವಾಗ ಕಪ್ಪು ಮಲ ಹೋದರೆ, ವಾಂತಿಯಲ್ಲಿ ರಕ್ತ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮುಟ್ಟಿನಲ್ಲಿ ಬಹಳ ರಕ್ತ ಹೋದರೂ ಡಾಕ್ಟರಿಗೆ ಹೇಳಿ. ನಾಚಿಕೊಂಡು ಮಾತ್ರೆ ಬಿಡಬೇಡಿ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಕೆಲವು ನೋವಿನ ಮಾತ್ರೆ ಗುಂಡಿಗೆಗೂ ಹೊಟ್ಟೆಗೂ ಕೆಟ್ಟದ್ದು.

ನಾವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ

ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಕಡೆ ಎಷ್ಟೋ ಮನೆಯ ಮಾತು ತೆಲುಗು. ನಾವು ಕಲಿತದ್ದು ಕನ್ನಡ ಅಕ್ಷರ. ಇದಕ್ಕೆ ಒಂದು ಉಪಾಯವಿದೆ. ಆಸ್ಪತ್ರೆಯಿಂದ ಹೊರಡುವ ಮೊದಲೇ ನರ್ಸಮ್ಮನನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ.

ಮಾತ್ರೆಯ ಹೆಸರು ಏನು?
ಯಾತಕ್ಕೆ?
ಬೆಳಿಗ್ಗೆ ಎಷ್ಟು? ಮಧ್ಯಾಹ್ನ ಎಷ್ಟು? ರಾತ್ರಿ ಎಷ್ಟು?
ಊಟಕ್ಕೆ ಮೊದಲೋ, ಆಮೇಲೋ?
ಎಷ್ಟು ತಿಂಗಳು?

ಈ ಹಾಳೆಯನ್ನು ಕ್ಯಾಲೆಂಡರಿನ ಪಕ್ಕ ಗೋಡೆಗೆ ಅಂಟಿಸಿ. ಮಾತ್ರೆ ನುಂಗಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಹೊಸದು ತನ್ನಿ. ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಇರುತ್ತದೆ. ಓದಿ ನೋಡಿ. ಸ್ಟೆಂಟ್ ಹಾಕಿದಾಗ ಕೊಟ್ಟ ಕಾಗದ, ಕಾರ್ಡು ಭದ್ರವಾಗಿಡಿ. ಯಾವ ಆಸ್ಪತ್ರೆಗೆ ಹೋದರೂ ಅದನ್ನು ಮೊದಲು ತೋರಿಸಿ.

ಊಟ ಹೇಗಿರಬೇಕು?

ನಮ್ಮ ಕಡೆಯ ಊಟ ಗುಂಡಿಗೆಗೆ ಒಳ್ಳೆಯದೇ. ರಾಗಿ ಮುದ್ದೆ, ಸೊಪ್ಪಿನ ಸಾರು, ಬಸ್ಸಾರು, ಹುರುಳಿ, ಅವರೆ, ಮಜ್ಜಿಗೆ, ತರಕಾರಿ ಎಲ್ಲಾ ತಿನ್ನಬಹುದು. ಕಮ್ಮಿ ಆಗಬೇಕಾದ್ದು ಮೂರು: ಉಪ್ಪು, ಎಣ್ಣೆ, ಸಕ್ಕರೆ.

ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನಿನಲ್ಲಿ ಉಪ್ಪು ತುಂಬಿರುತ್ತದೆ. ಕಾಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಸಿ ಕರಿದ ಬೋಂಡ, ವಡೆ ಬೇಡ. ವನಸ್ಪತಿ ಬೇಡ. ಮುಳಬಾಗಿಲು ದೋಸೆಯ ಆಸೆ ಆದರೆ ಅಪರೂಪಕ್ಕೆ ಒಂದು, ಬೆಣ್ಣೆ ತುಪ್ಪ ಕಮ್ಮಿ ಹಾಕಿಸಿ. ಮಾಂಸ ತಿನ್ನುವವರು ಕೊಬ್ಬು ತೆಗೆಯಿರಿ, ಚರ್ಮ ತೆಗೆದ ಕೋಳಿ ತಿನ್ನಿ, ಮೀನು ತಿನ್ನಿ. ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ಸಕ್ಕರೆ ಕಾಯಿಲೆ ಇರುವವರು ಹಿಡಿತದಲ್ಲಿರಬೇಕು.

ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ತಾಯಂದಿರು ಬಹಳ. ಹೊಗೆಸೊಪ್ಪು ರಕ್ತನಾಳವನ್ನು ಕೆಡಿಸುತ್ತದೆ. ಸ್ಟೆಂಟ್ ಹಾಕಿದ ಮೇಲೂ ಅದನ್ನು ಬಿಡದಿದ್ದರೆ ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಕೆಡವಿದಂತೆ. ಬೀಡಿ ಸೇದುವವರು ಮನೆಯೊಳಗೆ ಸೇದಬಾರದು. ಆ ಹೊಗೆ ಪಕ್ಕದವರ ಗುಂಡಿಗೆಗೂ ಹೋಗುತ್ತದೆ. ಸೌದೆ ಒಲೆಯ ಹೊಗೆಯೂ ಒಳ್ಳೆಯದಲ್ಲ.

ಮನಸ್ಸಿನ ಗಾಯ

ಮೈ ಗಾಯ ವಾರದಲ್ಲಿ ಮಾಯುತ್ತದೆ. ಮನಸ್ಸಿಗೆ ಇನ್ನೂ ಹೊತ್ತು ಬೇಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದೆ ಬಡಿತ ಕೇಳಿಸುತ್ತದೆ. "ಮತ್ತೆ ಬಂದುಬಿಟ್ಟರೆ?" ಅನ್ನಿಸುತ್ತದೆ. ಸಣ್ಣ ನೋವಿಗೂ ಕೈ ನಡುಗುತ್ತದೆ. ಕಾರಣ ಇಲ್ಲದೆ ಅಳು ಬರುತ್ತದೆ. ಮಕ್ಕಳ ಮೇಲೆ ಸಿಟ್ಟು ಬರುತ್ತದೆ. "ನನ್ನಿಂದ ಮನೆಗೆ ಸಾಲ ಆಯ್ತು" ಅಂತ ಕೊರಗು. "ನಾನೀಗ ಯಾತಕ್ಕೂ ಬೇಡದವಳು" ಅಂತ ಕೊರಗು.

ಅಕ್ಕಂದಿರೇ, ಇದು ಹುಚ್ಚಲ್ಲ. ಗಾಳಿ ಮೆಟ್ಟಿದ್ದಲ್ಲ. ಸಾವನ್ನು ಹತ್ತಿರದಿಂದ ಕಂಡ ಮನಸ್ಸು ಹೀಗೆ ಆಗುವುದು ಸಹಜ. ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ಇದು ಕಮ್ಮಿ ಆಗುತ್ತದೆ. ಆದರೆ ಹೃದಯಾಘಾತ ಆದವರಲ್ಲಿ ಸುಮಾರು ಐವರಿಗೆ ಒಬ್ಬರಿಗೆ ಈ ಬೇಸರ ಆಳಕ್ಕಿಳಿದು ಖಿನ್ನತೆ ಎಂಬ ಕಾಯಿಲೆ ಆಗುತ್ತದೆ. ಖಿನ್ನತೆ ಬಂದವರು ಮಾತ್ರೆ ನುಂಗುವುದಿಲ್ಲ, ನಡೆಯುವುದಿಲ್ಲ, ಸರಿಯಾಗಿ ಉಣ್ಣುವುದಿಲ್ಲ. ಆಗ ಗುಂಡಿಗೆಗೂ ಕೇಡು.

ಏನು ಮಾಡಬೇಕು? ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಮಗಳಿಗೆ, ತಂಗಿಗೆ, ಸಂಘದ ಗೆಳತಿಗೆ ಹೇಳಿ. ಮೊದಲೇ ಸ್ಟೆಂಟ್ ಹಾಕಿಸಿಕೊಂಡು ಚೆನ್ನಾಗಿರುವವರು ಊರಲ್ಲಿದ್ದರೆ ಅವರ ಹತ್ತಿರ ಕೂತು ಮಾತಾಡಿ. ಅದರಿಂದ ಬರುವ ಧೈರ್ಯವೇ ಬೇರೆ. ಕೂತು ಮಾಡುವ ಕೆಲಸ ಮಾಡಿ. ಸೊಪ್ಪು ಬಿಡಿಸಿ, ಅವರೆಕಾಯಿ ಸುಲಿಯಿರಿ, ಮೊಮ್ಮಕ್ಕಳಿಗೆ ಕಥೆ ಹೇಳಿ. ಮೈ ಕೂತರೂ ಮನಸ್ಸು ಖಾಲಿ ಕೂರಬಾರದು.

ಮನೆಯವರಿಗೂ ಒಂದು ಮಾತು. "ಎಲ್ಲಾ ಸರಿ ಹೋಯ್ತಲ್ಲ, ಇನ್ನೇನು ಅಳೋದು?" ಅಂತ ಗದರಬೇಡಿ. "ಏನೂ ಮುಟ್ಟಬೇಡ, ಅಲ್ಲಾಡಬೇಡ" ಅಂತ ಕಟ್ಟಿಹಾಕಲೂ ಬೇಡಿ. ಪಕ್ಕದಲ್ಲಿ ಕೂತು ಕೇಳಿ. ಅಷ್ಟೇ ಸಾಕು.

ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಸಾಯಬೇಕು ಅನ್ನಿಸಿದರೆ ಡಾಕ್ಟರಿಗೆ ಹೇಳಲೇಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೇಳಿ. 14416 ಎಂಬ ನಂಬರಿಗೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡುತ್ತಾರೆ. ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲಿ ಹೇಳಿಕೊಳ್ಳಬಹುದು.

ಗಂಡ ಹೆಂಡಿರ ವಿಷಯ ಕೇಳಲು ನಾಚಿಕೆ. ಕೇಳುವುದು ತಪ್ಪಲ್ಲ. ಎರಡು ಮಹಡಿ ಮೆಟ್ಟಿಲನ್ನು ಎದೆ ನೋವು, ಏದುಸಿರು ಇಲ್ಲದೆ ಹತ್ತಲು ಆದರೆ ಸಾಮಾನ್ಯವಾಗಿ ಜೊತೆಗೂಡಲು ಭಯ ಇಲ್ಲ. ಆದರೂ ಡಾಕ್ಟರನ್ನು ಒಂದು ಮಾತು ಕೇಳಿ. ಮಗು ಬೇಕು ಅನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಕೆಲವು ಮಾತ್ರೆ ಬದಲಾಯಿಸಬೇಕಾಗುತ್ತದೆ.

ಯಾವಾಗ ಓಡಬೇಕು?

ಎದೆಯಲ್ಲಿ ಭಾರ, ಹಿಂಡಿದ ಹಾಗೆ ನೋವು. ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು. ತಣ್ಣನೆ ಬೆವರು. ಉಸಿರು ಕಟ್ಟುವುದು. ಹೆಂಗಸರಿಗೆ ಕೆಲವು ಸಲ ಎದೆನೋವು ಜೋರಾಗಿ ಇರುವುದಿಲ್ಲ. ಬರೀ ಸುಸ್ತು, ವಾಕರಿಕೆ, ಬೆನ್ನು ನೋವು, ಏದುಸಿರು ಇರಬಹುದು. "ಗ್ಯಾಸು ಕಣಮ್ಮ" ಅಂತ ಸೋಡ ಕುಡಿದು ಮಲಗಬೇಡಿ.

ನಾಲಿಗೆ ಕೆಳಗೆ ಇಡುವ ಮಾತ್ರೆ ಡಾಕ್ಟರು ಕೊಟ್ಟಿದ್ದರೆ, ಕೂತುಕೊಂಡು ಒಂದನ್ನು ನಾಲಿಗೆ ಕೆಳಗೆ ಇಡಿ. ನಿಂತು ಇಟ್ಟರೆ ತಲೆ ಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಫೋನ್ ಮಾಡಿ. ಆ ಮಾತ್ರೆ ಇಲ್ಲದಿದ್ದರೆ ಕಾಯಲೇಬೇಡಿ, ಕೂಡಲೇ ಫೋನ್ ಮಾಡಿ. ಗಂಡ ಹೊಲದಿಂದ ಬರಲಿ, ಮಗ ಬೆಂಗಳೂರಿಂದ ಬರಲಿ ಅಂತ ಕಾಯಬಾರದು.

2021ರ ಅಕ್ಟೋಬರ್ 29ರಂದು ನಮ್ಮೆಲ್ಲರ ಪ್ರೀತಿಯ ನಟ ಪುನೀತ್ ರಾಜ್‌ಕುಮಾರ್ ಹೃದಯ ನಿಂತು ತೀರಿಕೊಂಡರು. ಆಮೇಲೆ ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಎಂಬ ಯೋಜನೆ ತಂದಿತು. ಇದರಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಾದವರಿಗೆ ಉಚಿತವಾಗಿ ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು ಹಂತಹಂತವಾಗಿ ಆಗುತ್ತಿದೆ. ಮೊದಲ ಗಂಟೆಯಲ್ಲಿ ಚಿಕಿತ್ಸೆ ಸಿಕ್ಕರೆ ಗುಂಡಿಗೆ ಬಹಳ ಮಟ್ಟಿಗೆ ಉಳಿಯುತ್ತದೆ.

ಖರ್ಚಿನ ಮಾತು

2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು. ಔಷಧಿ ಸವರಿದ ಸ್ಟೆಂಟಿಗೆ ಆಗ 29,600 ರೂಪಾಯಿ ಮಿತಿ. ಅದಕ್ಕೆ ಮುಂಚೆ ಲಕ್ಷಕ್ಕೂ ಹೆಚ್ಚು ತೆತ್ತವರಿದ್ದರು. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಒಂದೇ ಚೀಲದಲ್ಲಿ ಸಿದ್ಧವಾಗಿಡಿ. ಸಾಲ ಮಾಡುವ ಮೊದಲು, ಒಡವೆ ಅಡವಿಡುವ ಮೊದಲು, ಈ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಾತ್ರೆಗೆ ದುಡ್ಡು ಸಾಲದಿದ್ದರೆ ಬಿಡುವ ಬದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. ತಾಲೂಕು ಆಸ್ಪತ್ರೆಗಳಿವೆ. ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ಕಮ್ಮಿ ಬೆಲೆಗೆ ಸಿಗುತ್ತದೆ. ತಪಾಸಣೆಗೆ ಬೆಂಗಳೂರಿಗೆ ಹೋಗಲು ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು 2023ರ ಜೂನ್‌ನಿಂದ ಉಚಿತ. ಆದ್ದರಿಂದ ಡಾಕ್ಟರು ಹೇಳಿದ ದಿನ ತಪ್ಪಿಸಬೇಡಿ.

ನೆನಪಿಡೋಣ

ಮಾತ್ರೆ ಒಂದು ದಿನವೂ ಬಿಡಬಾರದು.
ದಿನಾ ನಡೆಯಬೇಕು. ಭಾರ ಹೊರಲು ಆತುರ ಬೇಡ.
ಉಪ್ಪು, ಎಣ್ಣೆ, ಸಕ್ಕರೆ ಕಮ್ಮಿ. ಹೊಗೆಸೊಪ್ಪು ಬೇಡವೇ ಬೇಡ.
ಭಯವನ್ನು ಬಚ್ಚಿಡಬಾರದು. ಬಾಯಿಬಿಟ್ಟು ಹೇಳಬೇಕು.
ಎದೆ ನೋವು ಬಂದರೆ 108. ಮನಸ್ಸು ನೊಂದರೆ 14416.

ಓದಿ, ಮಾತಾಡಿ

1. ಸ್ಟೆಂಟ್ ಹಾಕಿದ ಮೇಲೆ ಮಾತ್ರೆ ಯಾಕೆ ಬಿಡಬಾರದು? ನಿಮ್ಮ ಮಾತಿನಲ್ಲಿ ಹೇಳಿ.
2. ನಿಮ್ಮ ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗುತ್ತಾರೆ? ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ.
3. ನಿಮ್ಮ ಊರಿನಲ್ಲಿ ಹೆಂಗಸೊಬ್ಬಳು ಆಸ್ಪತ್ರೆಯಿಂದ ಬಂದರೆ ಆರು ವಾರ ಅವಳ ಮನೆಗೆ ನೀರು ತರುವವರು ಯಾರು? ಸಂಘದಲ್ಲಿ ಕೂತು ಮಾತಾಡಿ, ಒಂದು ತೀರ್ಮಾನಕ್ಕೆ ಬನ್ನಿ.